ಕೌದಿಯ ನಡುವೆ ನನ್ನ ಸೀರೆ

ನಾನು ಇನ್ನೂ ಉಸಿರಾಡುತ್ತಿರುವಾಗಲೇ ನನ್ನ ತವರಿನವರು ನನ್ನನ್ನು ಸತ್ತವರ ಸಾಲಿಗೆ ಸೇರಿಸಿ ಹೊಲಿದಿದ್ದಾರೆ. ಹೇಳದೆ, ಕೇಳದೆ, ಮಷಿನ್ನಿನ ಹೊಲಿಗೆಯಲ್ಲಿ. ಅದಕ್ಕೆ ಬಳಸಿದ್ದು ನನ್ನದೇ ಸೀರೆ. ನಾನು ಹುಡುಕಿ ಹುಡುಕಿ ಸಾಕಾಗಿದ್ದ, 'ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ' ಎಂದು ಅವರು ಫೋನಿನಲ್ಲಿ ಆಣೆ ಮಾಡಿ ಹೇಳಿದ್ದ ಸೀರೆ. ಇದನ್ನು ಬರೆಯುವ ಹೊತ್ತಿಗೆ ನನ್ನ ಸಿಟ್ಟು ಇಳಿದಿರಬಹುದೆಂದು ನೀವು ಭಾವಿಸಬಾರದು. ಇಳಿದಿಲ್ಲ. ಬರವಣಿಗೆ ಸಾಲಾಗಿ ಬರಲೆಂದು ಪಕ್ಕಕ್ಕೆ ಇಟ್ಟುಕೊಂಡಿದ್ದೇನೆ, ಅಷ್ಟೆ.

ಹುನಗುಂದದಲ್ಲಿರುವ ನನ್ನ ತಮ್ಮ ಚನ್ನಪ್ಪನಿಗೆ ಮೊಮ್ಮಗಳು ಹುಟ್ಟಿದ್ದಾಳೆ. ಸೊಸೆ ರೂಪಾಳ ತವರು ಕುಳಗೇರಿ ಕ್ರಾಸ್. ಅಲ್ಲಿ ಬಾಣಂತನ ಮುಗಿಸಿ ಕೂಸನ್ನು ಮನೆಗೆ ಕರೆತರುತ್ತಾರೆಂದು ಅದರ ಹಿಂದಿನ ಸಂಜೆ ನನಗೆ ಫೋನು ಬಂತು. ಊರವರಿಗೆಲ್ಲ ಹೇಳಿ ಮುಗಿಸಿದ ಮೇಲೆ ಬಂದ ಫೋನು ಅದು. ಹಿನ್ನೆಲೆಯಲ್ಲಿ ಯಾರೋ 'ಇಳಕಲ್ಲ ಅಕ್ಕಾರಿಗೆ ಹೇಳೀರಿಲ್ಲೋ?' ಎಂದು ನೆನಪಿಸಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೂ ಮರುದಿನ ಬೆಳಿಗ್ಗೆ ಇಳಕಲ್ಲಿನಿಂದ ಬಸ್ಸು ಹಿಡಿದು ಹೋದೆ. ಪಡಸಾಲೆಯಲ್ಲಿ ಕುಳಿತು ಚಹಾದ ಬಟ್ಟಲನ್ನು ಕೈಗೆತ್ತಿಕೊಂಡಿದ್ದೆ. ರೂಪಾ ಒಳಗಿನಿಂದ ಕೌದಿಯನ್ನು ತಂದು ನೆಲಕ್ಕೆ ಹಾಸಿ, ಅದರ ಮೇಲೆ ಕೂಸನ್ನು ಮಲಗಿಸಿದಳು. ಕೂಸು ಕಾಲು ಝಾಡಿಸಿತು. ಆ ಪುಟ್ಟ ಹಿಮ್ಮಡಿಯ ಕೆಳಗೆ, ಕೌದಿಯ ನಟ್ಟನಡುವೆ, ನನಗೊಂದು ದಡಿ, ಅಂದರೆ ಸೀರೆಯ ಅಂಚಿನ ಪಟ್ಟಿ, ಕಂಡಿತು.

ಚಹಾದ ಬಟ್ಟಲನ್ನು ಸದ್ಯಕ್ಕೆ ನನ್ನ ಕೈಯಲ್ಲಿಯೇ ಬಿಡಿ. ಆ ದಡಿಯನ್ನು ಕಂಡು ನನ್ನ ಎದೆ ಯಾಕೆ ಧಸಕ್ಕೆಂದಿತು ಎಂಬುದು ನಿಮಗೆ ತಿಳಿಯಬೇಕಾದರೆ ನಮ್ಮ ಕೌದಿಯ ಕಟ್ಟಳೆ ತಿಳಿದಿರಬೇಕು.

ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲ್ಗಡೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿದರೆ ಕೌದಿಯಾಗುತ್ತದೆ. ನಮ್ಮ ಸೀಮೆಯಲ್ಲಿ ಅದಿಲ್ಲದ ಮನೆ ಇಲ್ಲ. ಆದರೆ ನಮ್ಮ ಮನೆಯ ಕೌದಿಯಲ್ಲಿ ಯಾವ ತುಂಡೂ ಸುಮ್ಮನೆ ಬಂದು ಕೂಡುತ್ತಿರಲಿಲ್ಲ. ಮನೆಯಲ್ಲಿ ಕೂಸು ಹುಟ್ಟಿದರೆ ಅದರ ಮೊದಲ ಕುಂಚಿಗೆಯಿಂದ, ಅಂದರೆ ನೆತ್ತಿಯಿಂದ ಬೆನ್ನಿನವರೆಗೆ ಇಳಿಬಿಡುವ ಕೂಸಿನ ಟೊಪ್ಪಿಗೆಯಿಂದ, ಒಂದು ತುಂಡನ್ನು ಕತ್ತರಿಸಿ ಕೌದಿಯ ಅಂಚಿಗೆ ಹಚ್ಚುತ್ತಿದ್ದರು. ಮನೆಯವರು ಯಾರಾದರೂ ಶಿವನ ಪಾದ ಸೇರಿದರೆ ಅವರು ಉಡುತ್ತಿದ್ದ ಸೀರೆಯಿಂದಲೋ ಧೋತರದಿಂದಲೋ ಒಂದು ತುಂಡನ್ನು ನಡುವೆ ಹಚ್ಚುತ್ತಿದ್ದರು. ಅಂಚಿನಲ್ಲಿ ಹುಟ್ಟು, ನಡುವೆ ಸಾವು. ಇವೆರಡರ ಮಧ್ಯದ ಜಾಗದಲ್ಲಿ ಬದುಕಿನ ಉಳಿದ ಗದ್ದಲ. ಸತ್ತವರನ್ನು ನಡುವೆಯೇ ಯಾಕೆ ಇಡಬೇಕೆಂದು ನಾನು ಒಮ್ಮೆ ಅವ್ವನನ್ನು ಕೇಳಿದ್ದೆ. "ಹೊಚ್ಚಿಗೊಂಡವರ ಎದಿ ಮ್ಯಾಲ ಕೈ ಇಟ್ಟಂಗ ಇರತೈತಿ," ಎಂದಿದ್ದಳು. ಹಾಗೆ ಹೇಳಿ ಸೂಜಿಯನ್ನು ತಲೆಗೂದಲಿಗೆ ಉಜ್ಜಿ ಮತ್ತೆ ಹೊಲಿಯತೊಡಗಿದ್ದಳು.

ಕೌದಿ ಹೊಲಿಯುವ ಮಧ್ಯಾಹ್ನಗಳಲ್ಲಿ ನಮ್ಮ ಪಡಸಾಲೆಗೆ ಪಕ್ಕದ ಮನೆಯ ಹುಸೇನಬಿಯೂ ನನ್ನ ಚಿಗವ್ವನೂ, ಅಂದರೆ ಚಿಕ್ಕಪ್ಪನ ಹೆಂಡತಿಯೂ, ಬಂದು ಕೂಡುತ್ತಿದ್ದರು. ಅವ್ವ ಒಂದು ಮೂಲೆಯಿಂದ, ಅವರಿಬ್ಬರು ಇನ್ನೆರಡು ಮೂಲೆಗಳಿಂದ ಹೊಲಿಗೆ ಶುರುಮಾಡಿದರೆ ಊರಿನ ಸುದ್ದಿಯೂ ಅದೇ ವೇಗದಲ್ಲಿ ಒಳಕ್ಕೆ ಸರಿಯುತ್ತಿತ್ತು. ನಾಲ್ಕನೆಯ ಮೂಲೆ ಖಾಲಿ ಇದೆಯಲ್ಲ ಎಂದು ಒಂದು ದಿನ ನಾನು ಹಟ ಹಿಡಿದು ಸೂಜಿ ಹಿಡಿದೆ. ಹುಸೇನಬಿ ಬಗ್ಗಿ ನೋಡಿ, "ಏ ನೀಲಾ, ಇದೇನ ಹೊಲಿಗಿನೋ, ಇರಿವಿ ಸಾಲೋ?" ಎಂದಳು. ಅದನ್ನು ನಾನು ಸಹಿಸಿಕೊಂಡೆ. ಅವಳ ದನಿಯಲ್ಲಿ ಅಕ್ಕರೆಯಿತ್ತು. ಆದರೆ ಚಿಗವ್ವ ತಲೆಯೆತ್ತದೆಯೇ, "ಇರಿವಿಗೆ ಹೆಸರ ಇಡಬ್ಯಾಡಬೇ, ಅದು ನೆಟ್ಟಗರೆ ಹೋಗತೈತಿ," ಎಂದಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಚಿಗವ್ವ ತೀರಿಕೊಂಡು ಎಷ್ಟೋ ಕಾಲವಾಗಿದೆ. ಕೌದಿಯ ನಡುವೆ ಅವಳದು ನೇರಳೆ ಬಣ್ಣದ ತುಂಡು. ಹಿರಿಯರ ಬಟ್ಟೆಗೆ ಕಾಲು ತಾಕಿಸಬಾರದೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ; ಆದರೂ ತವರಿಗೆ ಹೋದಾಗಲೆಲ್ಲ ಕೌದಿಯನ್ನು ಕೆಳಕ್ಕೆ ಸರಿಸಿ, ಆ ನೇರಳೆ ತುಂಡು ಪಾದದ ಬಳಿ ಬರುವಂತೆ ಹೊದ್ದುಕೊಳ್ಳುತ್ತಿದ್ದೆ.

ಮಧ್ಯದ ಜಾಗದ ಗದ್ದಲವೆಂದೆನಲ್ಲ, ಅದರಲ್ಲಿ ಎಲ್ಲಕ್ಕಿಂತ ಚೆಂದದ್ದು ಒಂದು ಗಿಳಿಹಸಿರು ಬಣ್ಣದ ಹರಕು. ಅಪ್ಪ ತಾನೇ ಆರಿಸಿ ಅವ್ವನಿಗೆ ತಂದುಕೊಟ್ಟ ಸೀರೆ ಅದು. ಅದನ್ನುಟ್ಟು ಅವ್ವ ಮಹಾಕೂಟಕ್ಕೆ ಬಂದಿದ್ದಳು, ಬಾಳೆಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು. ಹೊಂಡದ ಮೆಟ್ಟಿಲಿಳಿಯುವಾಗ ಒಂದು ಮಂಗ ಬಂದು ಸೆರಗನ್ನೇ ಹಿಡಿದೆಳೆಯಿತು. ಅವ್ವ ಒಂದು ಕಡೆ, ಮಂಗ ಒಂದು ಕಡೆ. ಸೆರಗು ಪರ್ರೆಂದು ಹರಿದು ಮಂಗನ ಪಾಲಾಯಿತು. ಅಪ್ಪ ನಗು ತಡೆಯಲಾಗದೆ, "ಬಿಡ ಅತ್ಲಾಗ, ಅದೂ ಒಂದ ಹೆಣ್ಣ ಜೀವ, ಉಟ್ಟ ನೋಡ್ಲಿ," ಎಂದ. ಅವ್ವ ಉಳಿದ ಸೀರೆಯನ್ನು ಸರಿಪಡಿಸಿಕೊಳ್ಳುತ್ತ, "ನೀವು ಆರಿಸಿದ ಬಣ್ಣ ಯಾರಿಗರೆ ಮನಸ್ಸಿಗೆ ಬಂತಲ್ಲ, ಅಷ್ಟ ಸಾಕು," ಎಂದಳು. ಆ ದಿನ ಅವ್ವ ಅಷ್ಟು ಜನರ ಮುಂದೆ ಅಪ್ಪನಿಗೆ ತಿರುಗಿ ಮಾತಾಡಿದ್ದಕ್ಕೆ ಅಪ್ಪ ಬಾದಾಮಿಯವರೆಗೂ ಮಾತಾಡಲಿಲ್ಲ. ಅವ್ವ ಮಾತ್ರ ಎಲ್ಲ ದಾರಿಯೂ ನಗುತ್ತಿದ್ದಳು. ನನಗೆ ನೆನಪಿರುವ ಅವ್ವನ ನಗುಗಳಲ್ಲಿ ಅದೇ ದೊಡ್ಡದು. ಅದಕ್ಕಾಗಿಯೇ ಆ ಹರಕನ್ನು ಅವಳು ಎತ್ತಿಟ್ಟು ಹೊಲಿದಳೆಂದು ತೋರುತ್ತದೆ.

ಇನ್ನು ಅಂಚಿನ ಮಾತು. ನನ್ನ ಕುಂಚಿಗೆ ಗುಳೇದಗುಡ್ಡದ ಖಣದ್ದು. ಯಾರದೋ ಕುಬಸಕ್ಕೆ ತಂದು ಮಿಕ್ಕಿದ ರವಿಕೆಬಟ್ಟೆ. ನನ್ನ ಹಿಂದೆ ಹುಟ್ಟಿದ ಚನ್ನಪ್ಪನ ಕುಂಚಿಗೆ ಮಕಮಲ್ಲಿನದು. ಗಂಡುಕೂಸೆಂದು ಅಪ್ಪ ಬಾಗಲಕೋಟೆಗೆ ಹೋಗಿ ಹೊಸ ಬಟ್ಟೆಯನ್ನೇ ಹರಿಸಿಕೊಂಡು ಬಂದದ್ದು. ಹೀಗಾಗಿ ಕೌದಿಯ ಅಂಚಿನಲ್ಲಿ ಮಗ್ಗುಲುಮಗ್ಗುಲಿಗೇ ಇದ್ದ ನಮ್ಮಿಬ್ಬರ ತುಂಡುಗಳಲ್ಲಿ ಅವನದು ಉಬ್ಬಿಕೊಂಡು ಮೆರೆಯುತ್ತಿತ್ತು, ನನ್ನದು ಚಪ್ಪಟೆಯಾಗಿ ಅಂಟಿಕೊಂಡಿರುತ್ತಿತ್ತು. ಈ ತಾರತಮ್ಯವನ್ನು ನಾನು ಅಕ್ಷರ ಕಲಿಯುವ ಮೊದಲೇ ಗುರುತಿಸಿದ್ದೆ. ಆದರೂ ಆ ಚಪ್ಪಟೆ ತುಂಡಿನ ಮೇಲೆ ನನಗೆ ಇದ್ದ ಮೋಹ ಅಷ್ಟಿಷ್ಟಲ್ಲ.

ಅದಕ್ಕೆ ಕಾರಣವಿದೆ. ನನ್ನನ್ನು ಇಳಕಲ್ಲಿಗೆ ಕೊಟ್ಟರು. ಗಂಡನ ಮನೆಯಲ್ಲಿ ಮಗ್ಗಗಳಿದ್ದವು, ಬದುಕು ಚೆನ್ನಾಗಿಯೇ ನಡೆಯಿತು. ಮದುವೆಯಾದ ಮೇಲೆ ತವರಿನ ರೇಷನ್ ಕಾರ್ಡಿನಿಂದ ನನ್ನ ಹೆಸರನ್ನು ತೆಗೆದರು. ಅದು ಸರ್ಕಾರದ ಕಾಯಿದೆ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಹೆಸರು ಬರಲೇ ಇಲ್ಲ. ಅದು ನಮ್ಮ ಮನೆಯ ಕಾಯಿದೆ. ಈ ಹುಡುಗಿ ಇಲ್ಲಿ ಹುಟ್ಟಿದ್ದಳು ಎಂದು ಹೇಳುವ ವಸ್ತು ಆ ಮನೆಯಲ್ಲಿ ಉಳಿದದ್ದು ಅದೊಂದೇ, ಅಂಗೈ ಅಗಲದ ಖಣದ ತುಂಡು. ಮದುವೆಯ ನಂತರ ಮೊದಲ ನಾಗರಪಂಚಮಿಗೆ ತವರಿಗೆ ಬಂದಾಗ, ಕಾಲಿಗೆ ನೀರು ಹಾಕಿಕೊಂಡವಳೇ ಒಳಗೆ ಹೋಗಿ ಕೌದಿಯ ಅಂಚನ್ನು ತೆರೆದು ನೋಡಿದೆ. ಅವ್ವ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಐತಿ ಬಿಡಬೇ, ಕಣ್ಣತುಂಬ ನೋಡ್ಕೊ. ನಿನ್ನ ಯಾರ್ ಕಿತ್ತ ಒಗೀತಾರ?"

ಯಾರು ಕಿತ್ತು ಒಗೆಯುತ್ತಾರೆಂಬುದು ನಮ್ಮಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಇನ್ನು ಸೀರೆ. ಗಿರಿಕುಂಕುಮ ಬಣ್ಣದ್ದು, ನಮ್ಮ ಮನೆಯ ಮಗ್ಗದಲ್ಲಿಯೇ ನೇಯ್ದದ್ದು. ನೇಯುವಾಗ ದಡಿಯ ಒಂದು ಕಡೆ ಚಿಕ್ಕಿಯ, ಅಂದರೆ ಚುಕ್ಕಿಗಳ, ಸಾಲು ತಪ್ಪಿ, ಒಂದು ಗೇಣಿನಷ್ಟು ಬೋಳಾಗಿ ಉಳಿದಿತ್ತು. ಅಂಗಡಿಗೆ ಹೋಗುವ ಮಾಲಲ್ಲವೆಂದು ನನ್ನ ಯಜಮಾನರು ಅದನ್ನು ನನಗೆ ಕೊಟ್ಟರು. ಅದರಲ್ಲಿ ಪ್ರೀತಿಯೆಷ್ಟು, ಮಾಲಿನ ಚಿಂತೆಯೆಷ್ಟು ಎಂದು ನಾನು ಬೇರೆಮಾಡಿ ನೋಡಲು ಹೋಗಲಿಲ್ಲ. ಒಮ್ಮೆ ಹುನಗುಂದಕ್ಕೆ ಹೋದಾಗ ಅದನ್ನು ಒಗೆದು ಹಿತ್ತಲಿನ ತಂತಿಗೆ ಹಾಕಿ, ಬಸ್ಸಿನ ಹೊತ್ತಾಯಿತೆಂದು ಬಿಟ್ಟು ಬಂದೆ. ಆಮೇಲೆ ನಾನು ಫೋನು ಮಾಡಿದಾಗಲೆಲ್ಲ ತಮ್ಮನ ಹೆಂಡತಿ ಮಾದೇವಿ ಹೇಳಿದ್ದು ಒಂದೇ ಮಾತು: "ದೇವರಾಣಿಗೂ ಇಲ್ರಿ ಅಕ್ಕಾರ, ನಿಮ್ಮ ಮನ್ಯಾಗ ಸರಿಯಂಗ ಹುಡಕ್ರಿ. ವಯಸ್ಸಾತಂದ್ರ ನೆನಪ ಹಾರತಾವ." ನನ್ನ ನೆನಪಿನ ಬಗ್ಗೆ ಈ ಲೋಕದಲ್ಲಿ ಅಂಥ ಮಾತಾಡಿದವಳು ಅವಳೊಬ್ಬಳೇ.

ಈಗ ಚಹಾದ ಬಟ್ಟಲಿಗೆ ಮರಳಬಹುದು. ಕೂಸಿನ ಹಿಮ್ಮಡಿಯ ಕೆಳಗೆ ಕಂಡದ್ದು ಗಿರಿಕುಂಕುಮ. ದಡಿಯಲ್ಲಿ ಗೇಣುದ್ದದ ಬೋಳು.

"ಅಕ್ಕಾರ, ಚಾ ಆರತೈತಿ, ಕುಡೀರಿ," ಎಂದಳು ಮಾದೇವಿ.

"ಮಾದೇವಿ, ಕೂಸಿನ ಕೆಳಗ ಏನ ಹಾಸೀರಿ?"

"ಕೌದಿ ಅಲ್ರಿ? ನಮ್ಮದ ಹಳೇದು. ಗುರ್ತ ಸಿಗಲಿಲ್ಲೇನು? ರೂಪಾ ಹೊಸಾದಂಗ ಮಾಡ್ಸ್ಯಾಳ ನೋಡ್ರಿ!"

ರೂಪಾ ಹಿಗ್ಗಿನಿಂದ ಹತ್ತಿರ ಬಂದಳು. "ನಡಕ ಪೂರಾ ಜೀರ್ಣ ಆಗಿತ್ರಿ ಅತ್ತಿಯಾರ. ಕಪಾಟಿನ್ಯಾಗ ಒಂದ ಗಟ್ಟಿ ಸೀರಿ ಇತ್ತು, ಯಾರದೂ ಅಲ್ಲ ಅಂದ್ರು. ತವರಿಗೆ ಹೋಗೂ ಮುಂಚೆನ ಬಾಗಲಕೋಟ್ಯಾಗ ಟೇಲರ ಕಡೆ ಕೊಟ್ಟ ಹಚ್ಚಸೀನಿ. ಚೊಲೋ ಆಗಿಲ್ಲೇನ್ರಿ?"

"ಯಾರದೂ ಅಲ್ಲ ಅಂದವರು ಯಾರವ್ವ?"

ರೂಪಾ ಮಾದೇವಿಯ ಮುಖ ನೋಡಿದಳು. ಮಾದೇವಿ ಅಡುಗೆಮನೆಯ ಕಡೆ ನೋಡಿದಳು.

"ಮಾದೇವಿ, ಈ ಕೌದಿ ನಡುವ ಯಾರನ್ನ ಹಚ್ಚತಾರ, ಗೊತ್ತಿಲ್ಲೇನ್ ನಿನಗ?"

"ಅದೆಲ್ಲಾ ಹಳೇ ಮಂದಿ ಮಾತ್ರಿ ಅಕ್ಕಾರ. ಈಗ ಯಾರ್ ಹಂಗ ನೋಡ್ತಾರ?"

ಅವಳಿಗೆ ಗೊತ್ತಿತ್ತು. ನಾನು ಬಟ್ಟಲನ್ನು ಕೆಳಗಿಟ್ಟೆ. ಮಂಚದ ಮೇಲೆ ಮೊಬೈಲು ನೋಡುತ್ತಿದ್ದ ಚನ್ನಪ್ಪ ಕನ್ನಡಕದ ಮೇಲಿನಿಂದ ದೃಷ್ಟಿ ಹಾಯಿಸಿದ. ಅವನು ಅದೇ ಕೌದಿಯಲ್ಲಿ ನನ್ನ ಜೊತೆ ಮಲಗಿ ಬೆಳೆದವನು, ಸತ್ತವರ ತುಂಡುಗಳ ಹೆಸರನ್ನು ನನಗಿಂತ ಜೋರಾಗಿ ಒದರುತ್ತಿದ್ದವನು.

"ಏನಾತ ಅಕ್ಕಾ ಈಗ? ಬಟ್ಟಿ ಅದು, ಬಟ್ಟಿ. ನಡುವ ಹಚ್ಚ್ಯಾರಂದ್ರ ಮಾನ ಕೊಟ್ಟಾರ ಅಂತ ತಿಳಕೊ."

"ಮಾನ ಏನು? ಹಂಗಾರ ನಿನ್ನ ಧೋತರದ್ದೂ ಒಂದ ತುಂಡ ತರಸು. ನನ್ನ ಮಗ್ಗಲಕ್ಕ ಹಚ್ಚೂಣು. ಮಾನ ಇಬ್ಬರಿಗೂ ಇರ್ಲಿ."

"ಥೂ ಥೂ, ಬಿಡ್ತು ಅನ್ರಿ ಅಕ್ಕಾರ!" ಎಂದು ಮಾದೇವಿ ಚೀರಿದಳು. "ಹೊಚ್ಚಲದಾಗ ಕೂತು ಎಂಥಾ ಮಾತಾಡ್ತೀರಿ?"

ಪ್ರಿಯ ವಾಚಕರೇ, ಇದನ್ನು ನೀವು ಗಮನಿಸಬೇಕು. ನಾನು ಕುಳಿತಿದ್ದುದು ಪಡಸಾಲೆಯಲ್ಲಿ, ಹೊಸ್ತಿಲಲ್ಲಿ ಅಲ್ಲ. ಅದು ಹಾಗಿರಲಿ. ಹಳೆಯ ಮಂದಿಯ ಮಾತು ನನ್ನ ಪಾಲಿಗೆ ಬಂದಾಗ ಬರೀ ಮಾತಾಗಿತ್ತು, ಅವಳ ಗಂಡನ ಪಾಲಿಗೆ ಬಂದ ಕೂಡಲೇ ಅಪಶಕುನವಾಯಿತು. ಅಷ್ಟು ಬೇಗ ನಂಬಿಕೆ ಮರಳಿ ಬಂದದ್ದನ್ನು ನಾನು ಎಲ್ಲಿಯೂ ಕಂಡಿಲ್ಲ.

ನಾನೆದ್ದು ಕೌದಿಯ ಸುತ್ತ ಒಂದು ಸುತ್ತು ಬಂದೆ. ಅಂಚನ್ನು ನೋಡಬೇಕಿತ್ತು. ಅಂಚಿಗೆಲ್ಲ ನೀಲಿ ಬಣ್ಣದ ಮಿರುಗುವ ಪಟ್ಟಿ ಹೊಲಿದಿದ್ದರು. ಚನ್ನಪ್ಪನ ಮಕಮಲ್ಲು ಆ ಪಟ್ಟಿಯ ಪಕ್ಕದಲ್ಲಿ ಎಂದಿನಂತೆ ಉಬ್ಬಿಕೊಂಡು ಕುಳಿತಿತ್ತು. ಅದರ ಮಗ್ಗುಲಿನಲ್ಲಿ ನಾನಿರಲಿಲ್ಲ.

"ರೂಪಾ, ಇಲ್ಲೊಂದು ಖಣದ ತುಂಡ ಇತ್ತು."

"ಅಂಚ ಎಲ್ಲೆಲ್ಲಿ ಪಿಸದಿತ್ತೋ ಅಷ್ಟ ಕತ್ತರಿಸಿ ತಗದಾನ್ರಿ ಟೇಲರ. ಮಕಮಲ್ಲ ಗಟ್ಟಿ ಇತ್ತಂತ ಬಿಟ್ಟಾನ."

"ಕತ್ತರಿಸಿದ್ದೆಲ್ಲಿ?"

"ಅಲ್ಲೇ ಅಂಗಡ್ಯಾಗ ಬಿಟ್ಟ ಬಂದ್ನಿರಿ. ಚಿಂದಿ ಅಂತ ತಿಳಕೊಂಡ್ನಿ." ಅವಳ ದನಿ ಈಗ ಸಣ್ಣದಾಗಿತ್ತು. ಮದುವೆಯಾಗಿ ಈ ಮನೆಗೆ ಬಂದ ಹುಡುಗಿಗೆ ಕೌದಿಯ ಕಟ್ಟಳೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಎಂಬುದು ನನಗೆ ಆಗಲೇ ಅರ್ಥವಾಗಿತ್ತು. ಅವಳಿಗೆ ನನ್ನ ಸಿಟ್ಟಿನಲ್ಲಿ ಸಣ್ಣ ಪಾಲನ್ನು ಮಾತ್ರ ಇಟ್ಟೆ. ಉಳಿದದ್ದನ್ನು ಗೊತ್ತಿದ್ದ ಇಬ್ಬರಿಗೆ ಹಂಚಿದೆ.

ನಾನು ಮೆಲ್ಲಗೆ ಪರಿಸ್ಥಿತಿಯನ್ನು ಮನಸ್ಸಿನಲ್ಲಿ ಜೋಡಿಸಿ ನೋಡಿದೆ. ಅಂಚಿನಲ್ಲಿ ನಾನಿಲ್ಲ, ನಡುವೆ ಇದ್ದೇನೆ. ನಮ್ಮ ಮನೆಯ ಕೌದಿಯ ಪ್ರಕಾರ ನಾನು ಹುಟ್ಟಿಯೇ ಇಲ್ಲ. ಸತ್ತದ್ದು ಮಾತ್ರ ಖರೆ. ರೂಪಾಳ ಕಡೆ ತಿರುಗಿ, "ಕೂಸನ್ನ ಎತ್ತಿಕೊ. ಒಂದ ಬ್ಲೇಡ ಕೊಡು," ಎಂದೆ.

"ಅಕ್ಕಾ, ಹುಚ್ಚಿ ಆಗಬ್ಯಾಡ," ಎಂದ ಚನ್ನಪ್ಪ.

"ನನ್ನ ಸೀರಿ ನಾ ಬಿಚ್ಚಿಗೊಂಡ ಹೋಗ್ತೇನಿ. ಇಲ್ಲ ಅಂದಿದ್ರೆಲ್ಲ, ಇಲ್ಲದ್ದನ್ನ ಒಯ್ದ್ರ ನಿಮಗೇನ ಕಮ್ಮಿ ಆಗತೈತಿ?"

ರೂಪಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಬ್ಲೇಡು ತಂದುಕೊಟ್ಟಳು. ನಾನು ನೆಲದ ಮೇಲೆ ಕುಳಿತು ಮಷಿನ್ನಿನ ಹೊಲಿಗೆಯನ್ನು ಒಂದೊಂದಾಗಿ ಕೊಯ್ಯತೊಡಗಿದೆ. ಒಂದು ಬದಿ ಬಿಚ್ಚಿತು. ಬಟ್ಟೆಯ ಮೂಲೆಯನ್ನು ಹಿಡಿದು ಮೇಲಕ್ಕೆತ್ತಿದೆ.

ಕೆಳಗೆ ಅವ್ವನಿದ್ದಳು.

ಅವ್ವನ ಕರಿಯ ಚಂದ್ರಕಾಳಿ ಸೀರೆಯ ತುಂಡು ಅದು. ಅವಳು ತೀರಿಕೊಂಡ ವರ್ಷ ನಾನೇ ಹಚ್ಚಿದ್ದು. ತುಂಡು ಎನ್ನುವುದು ಈಗ ಹೆಸರಿಗೆ ಮಾತ್ರ. ಉದ್ದನೆಯ ಎಳೆಗಳೆಲ್ಲ ಸವೆದುಹೋಗಿ, ಅಡ್ಡ ಎಳೆಗಳಷ್ಟೇ ಉಳಿದಿದ್ದವು, ಎಣ್ಣೆಯಿಲ್ಲದೆ ಬಾಚಿದ ಕೂದಲಿನ ಹಾಗೆ. ನಾನೆತ್ತಿದ ಸೀರೆಯ ಒಳಮೈಗೆ ಅದರಲ್ಲಿ ಕೆಲವು ಅಂಟಿಕೊಂಡು ಮೇಲೆದ್ದು ಬಂದವು. ನಾನು ಹಾಗೆಯೇ ಕೈಯನ್ನು ಗಾಳಿಯಲ್ಲಿ ನಿಲ್ಲಿಸಿದೆ. ಕೆಳಗಿಳಿಸಲೂ ಹೆದರಿಕೆ, ಎತ್ತಲೂ ಹೆದರಿಕೆ. ಟೇಲರನು ಹರಿದ ಜಾಗವನ್ನು ಕತ್ತರಿಸುವ ಕಷ್ಟ ಯಾಕೆಂದು ಅದರ ಮೇಲೆಯೇ ನನ್ನ ಸೀರೆಯನ್ನು ಹೊದಿಸಿ ಹೊಲಿದುಬಿಟ್ಟಿದ್ದ. ಅವನ ಆ ಸೋಮಾರಿತನವೊಂದೇ ಅವ್ವನನ್ನು ಇಷ್ಟಾದರೂ ಉಳಿಸಿತ್ತು.

ಚನ್ನಪ್ಪ ಮಂಚದಿಂದ ಇಳಿದು ಬಂದು ನನ್ನೆದುರಿಗೆ ಕುಳಿತ. ಮುಟ್ಟಲು ಬೆರಳು ಚಾಚಿ ಹಿಂದಕ್ಕೆ ತೆಗೆದುಕೊಂಡ.

"ತಡಿ ಅಕ್ಕಾ," ಎಂದ. ಆ ದನಿಯನ್ನು ನಾನು ಅವನಲ್ಲಿ ಕೇಳಿ ಬಹಳ ಕಾಲವಾಗಿತ್ತು. "ನಿನ್ನ ಸೀರಿ ತಗದ್ರ ಅವ್ವ ಉಳಿಯೂದಿಲ್ಲ."

ಬಸ್ಸಿನಲ್ಲಿ ಬರುವಾಗಲೇ ನನ್ನ ಬಳಿ ಒಂದಷ್ಟು ಆರೋಪಗಳಿದ್ದವು. ಆ ಮನೆಯಲ್ಲಿ ಅವು ಬೆಳೆದಿದ್ದವು. ಆದರೆ ಅವುಗಳಲ್ಲಿ ಒಂದೂ ಈ ಸಂಗತಿಗೆ ಹೊಂದಲಿಲ್ಲ. ಸೀರೆಯನ್ನು ಪೂರ್ತಿ ಬಿಚ್ಚಿದರೆ ನಾನು ಜೀವಂತರ ಸಾಲಿಗೆ ಮರಳುತ್ತೇನೆ, ಅವ್ವ ಎಳೆಎಳೆಯಾಗಿ ಉದುರುತ್ತಾಳೆ. ಹಾಗೆಯೇ ಬಿಟ್ಟರೆ ಅವ್ವ ನಿಲ್ಲುತ್ತಾಳೆ, ನಾನು ಹೋದವಳಾಗುತ್ತೇನೆ. ನ್ಯಾಯ ಕೇಳಲು ಬಂದವಳಿಗೆ ಇಂಥ ಇಕ್ಕಟ್ಟನ್ನು ಕೊಡುವ ಹಕ್ಕು ಯಾರಿಗಿದೆ?

"ಸೂಜಿ ದಾರ ತಾ," ಎಂದೆ ರೂಪಾಳಿಗೆ.

ದಾರ ಪೋಣಿಸಲು ನನ್ನ ಕಣ್ಣು ಸಹಕರಿಸಲಿಲ್ಲ, ಅವಳೇ ಪೋಣಿಸಿಕೊಟ್ಟಳು. ಎದ್ದು ಬಂದಿದ್ದ ಎಳೆಗಳನ್ನು ಉಗುರಿನ ತುದಿಯಿಂದ ಅವುಗಳ ಜಾಗಕ್ಕೆ ಸರಿಸಿ, ಸೀರೆಯನ್ನು ಮೇಲೆ ಹೊದಿಸಿ, ಬಿಚ್ಚಿದ ಬದಿಯನ್ನು ನನ್ನ ಕೈಯಾರೆ ಮತ್ತೆ ಹೊಲಿದೆ. ಹೊಲಿಯುವಷ್ಟು ಹೊತ್ತೂ ಚನ್ನಪ್ಪ ಬಟ್ಟೆಯ ಇನ್ನೊಂದು ತುದಿಯನ್ನು ಅಲುಗದಂತೆ ಒತ್ತಿ ಹಿಡಿದಿದ್ದ. ಮಾದೇವಿ ಆರಿದ ಚಹಾವನ್ನು ಬಿಸಿ ಮಾಡಿ ತಂದು, "ಹೊಲಿಗಿ ಭಾಳ ಚೊಲೋ ಬಂತ್ರಿ ಅಕ್ಕಾರ," ಎಂದಳು. ಬಂದಿರಲಿಲ್ಲ. ಮಾದೇವಿ ಸುಳ್ಳು ಹೇಳಿದ್ದು ಅದೇ ಮೊದಲೂ ಅಲ್ಲ.

ನಾನು ಹೊರಟಾಗ ಚನ್ನಪ್ಪ ಬಸ್ ನಿಲ್ದಾಣದವರೆಗೆ ಬಂದ. ಬಸ್ಸು ಬಂತು. "ಮುಂದ ಹೋಗ ಅಕ್ಕಾ, ಹಿಂದಿನ ಸೀಟಿನ್ಯಾಗ ಕುಲುಕತೈತಿ," ಎಂದಷ್ಟೇ ಹೇಳಿದ. ಅದನ್ನು ಕ್ಷಮೆ ಕೇಳಿದ್ದೆಂದು ಓದಿಕೊಳ್ಳುವಷ್ಟು ಉದಾರಿ ನಾನಲ್ಲ.

ಆದ್ದರಿಂದ ಚನ್ನಪ್ಪಾ, ಮಾದೇವಿ, ರೂಪಾ, ನಿಮ್ಮ ಮೂವರಿಗೂ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನಾನು ಸೀರೆಯನ್ನು ಮರಳಿ ಹೊಲಿದದ್ದು ಅವ್ವನಿಗಾಗಿ. ನಿಮ್ಮನ್ನು ಮನ್ನಿಸಿದೆನೆಂದು ಯಾರೂ ಹಿಗ್ಗಬೇಕಾಗಿಲ್ಲ. ಅವಳ ಮೇಲೆ ಹೊದಿಕೆಯಾಗಿ ಬಿದ್ದಿರಲು ನನ್ನದೇನೂ ತಕರಾರಿಲ್ಲ. ಸಾಯುವ ಮೊದಲೇ ಸತ್ತವಳಾಗಿ ಆ ಕೂಸಿನ ಕೆಳಗೆ ಇರುತ್ತೇನೆ. ಆದರೆ ಒಂದು ದಿನ ನಾನು ಖರೆಯಾಗಿಯೂ ಹೋಗುವವಳೇ. ಅಂದು ನಡುವೆ ನನಗೆ ಹಚ್ಚಬೇಕಾದ ತುಂಡು ಆಗಲೇ ಹಚ್ಚಿಯಾಗಿರುತ್ತದೆ, ಅಂಚಿನಲ್ಲಿ ನೀವು ಕಿತ್ತ ಜಾಗ ಖಾಲಿ ಇರುತ್ತದೆ. ಹಾಗಾದರೆ ಹೇಳಿರಿ, ನಾನು ಸತ್ತ ದಿನ ನನ್ನನ್ನು ಹುಟ್ಟಿದವರ ಸಾಲಿಗೆ ಹೊಲಿಯುವವರು ನಿಮ್ಮ ಮೂವರಲ್ಲಿ ಯಾರು?